ನೀವು ಕಂಡ ಒಳ್ಳೆಯ ಕಟ್ಟಡ, ಒಳ್ಳೆಯ ಸಾರ್ವಜನಿಕ ಜಾಗ ಯಾವುದು? ಅಲ್ಲಿ ಏನು ಹಿಡಿಸಿತು?

ಬಯಲುಸೀಮೆ_ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಒಂದು ಸಣ್ಣ ಪಟ್ಟಣ. ಹಳೇ ವಾಚನಾಲಯ ಕೆಡವಿ, ಅದೇ ಜಾಗದಲ್ಲಿ ಕೆಳಗೆ ಸಮುದಾಯ ಭವನ, ಮೇಲೆ ಗ್ರಂಥಾಲಯ ಕಟ್ಟುತ್ತಾರಂತೆ. ಸಲಹಾ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಮೊನ್ನೆ ಪ್ಲಾನ್ ತೋರಿಸಿದರು. ಮುಂಭಾಗ ಪೂರ್ತಿ ನೀಲಿ ಗಾಜು. ಅದೂ ಪಶ್ಚಿಮಕ್ಕೆ! ನಮ್ಮಲ್ಲಿ ಏಪ್ರಿಲ್ ಬಂದರೆ 40 ಡಿಗ್ರಿ. ಈ ಮಾತು ಎತ್ತಿದ್ದಕ್ಕೆ "ಈಗ ಎಲ್ಲಾ ಕಡೆ ಹೀಗೇ ಸರ್, ಮಾಡರ್ನ್ ಲುಕ್" ಅಂದರು.

ಮುಂದಿನ ಸಭೆಯಲ್ಲಿ "ಗಾಜು ಬೇಡ" ಅಂತ ಮಾತ್ರ ಹೇಳಿ ಕೂತರೆ ಆಗಲ್ಲ, ಏನು ಬೇಕು ಅಂತಲೂ ಹೇಳಬೇಕು. ಅದಕ್ಕೇ ಕೇಳುತ್ತಿದ್ದೇನೆ. ನೀವು ಹೋಗಿ ಕೂತ, ಓದಿದ, ಕಾದ, ಕೆಲಸ ಮಾಡಿದ ಜಾಗಗಳಲ್ಲಿ ಯಾವುದು ಮನಸ್ಸಿಗೆ ಹಿಡಿಸಿತು? ಫೋಟೋದಲ್ಲಿ ಚೆನ್ನಾಗಿ ಕಾಣೋದು ಬೇಡ. ಮೈಗೆ ಹಿತ ಅನಿಸಿದ್ದು ಹೇಳಿ. ಯಾಕೆ ಹಿತ ಅನಿಸಿತು ಅಂತಲೂ ಬರೆಯಿರಿ.

ಅಡಿಕೆಚಪ್ಪರ
ತೊಟ್ಟಿ ಮನೆ. ಇನ್ನೊಂದು ಮಾತಿಲ್ಲ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಜಗಲಿ, ಕಂಬ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಪಡಸಾಲೆ ತಂಪಾಗಿರುತ್ತೆ. ಮಳೆ ಬಂದರೆ ನಾಲ್ಕೂ ಕಡೆಯ ನೀರು ತೊಟ್ಟಿಗೇ ಇಳಿಯುತ್ತೆ. ಫ್ಯಾನ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಸುಮ್ನೆ ಹಾಗೆ ಕಟ್ಟಿಲ್ಲ.

ರಾಯಚೂರು_ಬಿಸಿಲು
ಹೆಂಚಿನ ಮಾಡಿನ ತೊಟ್ಟಿ ಮನೆ ನಿಮ್ಮ ಕಡೆಗೆ ಸರಿ. ನಮ್ಮ ಕಡೆ ಮಾಳಿಗೆ ಮನೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಛಾವಣಿ, ಅದರಲ್ಲೊಂದು ಬೆಳಕಿಂಡಿ. ಹಗಲೆಲ್ಲಾ ಗೋಡೆ ಬಿಸಿಲು ಕುಡಿದುಕೊಂಡು ಒಳಗೆ ಬಿಡೋದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಹೊರಗಿನಿಂದ ಒಳಗೆ ಬಂದರೆ ಜೀವ ಬಂದ ಹಾಗಾಗುತ್ತೆ ನೋಡ್ರಿ. ಮೇಷ್ಟ್ರೇ, ನಿಮ್ಮ ಕಡೆಯ ಬಿಸಿಲಿಗೂ ಇದೇ ದಾರಿ. ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲಿಂದ ಬೆಳಕು.

ಸಿಮೆಂಟ್_ಮೂಟೆ
ನಾನು ಸಿವಿಲ್ ಕೆಲಸದವನು. ಮೊದಲು ಪಶ್ಚಿಮದ ವಿಷಯ. ಹಾಲ್‌ನ ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಬರಬೇಕು. ಆ ಎರಡು ಕಡೆ ದೊಡ್ಡ ಕಿಟಕಿ ಇಟ್ಟರೂ ತೊಂದರೆ ಇಲ್ಲ, ಸಜ್ಜ (ಕಿಟಕಿ ಮೇಲೆ ಹೊರಚಾಚಿದ ಹಲಗೆ) ಸರಿಯಾಗಿ ಕೊಟ್ಟರೆ ಬಿಸಿಲು ನಿಲ್ಲುತ್ತೆ. ಪಶ್ಚಿಮದ ಬಿಸಿಲು ಇಳಿಜಾರಾಗಿ ಬರುತ್ತೆ, ಅದನ್ನು ಸಜ್ಜ ತಡೆಯಲ್ಲ. ಆ ಕಡೆ ಮೆಟ್ಟಿಲು, ಸ್ಟೋರ್, ಟಾಯ್ಲೆಟ್ ಸೇರಿಸಿಬಿಡಿ. ಬಿಸಿಲು ಅವೇ ತಿನ್ನಲಿ. ಇದಕ್ಕೆ ಒಂದು ರೂಪಾಯಿ ಜಾಸ್ತಿ ಖರ್ಚಿಲ್ಲ. ಪ್ಲಾನ್ ತಿರುಗಿಸಿದರೆ ಆಯ್ತು.

ತೊಟ್ಟಿ, ಹೆಂಚು ಅಂತೆಲ್ಲಾ ಹೇಳುವವರು ಒಂದು ವಿಷಯ ನೆನಪಿಡಿ. ಕೋತಿ ಕಾಟ ಇರುವ ಊರಲ್ಲಿ ಹೆಂಚಿನ ಮಾಡು ವರ್ಷ ವರ್ಷ ಕೈಯಾಡಿಸಬೇಕು. ಸರ್ಕಾರಿ ಕಟ್ಟಡದಲ್ಲಿ ಅದನ್ನು ಮಾಡಿಸುವವರು ಯಾರು?

ಜಯನಗರದವ
ಗಾಜು ಅಂದರೆ ಇಷ್ಟು ಕೋಪ ಯಾಕೆ? ಲಾಲ್‌ಬಾಗ್ ಗಾಜಿನಮನೆಯೂ ಗಾಜೇ ಅಲ್ವಾ. ಟಿಪ್ಪು ಕಾಲದಿಂದ ನಿಂತಿದೆ, ಜನ ಮುಗಿಬಿದ್ದು ಹೋಗ್ತಾರೆ.

ಹೂವಿನ_ತೇರು
@ಜಯನಗರದವ ತೋಟ ಶುರುವಾಗಿದ್ದು ಹೈದರ್ ಅಲಿ ಕಾಲದಲ್ಲಿ, ಬೆಳೆಸಿದ್ದು ಟಿಪ್ಪು. ಗಾಜಿನಮನೆ 1889ರದು, ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಮಾಡಿದ್ದು. ಅದನ್ನು ಕಟ್ಟಿದ್ದು ಗಿಡ, ಹೂವು ಪ್ರದರ್ಶನಕ್ಕೆ. ಬೆಳಗ್ಗೆಯಿಂದ ಸಂಜೆವರೆಗೆ ಅದರೊಳಗೆ ಕೂತು ಪಿಯು ಮಕ್ಕಳು ಓದಲಿ ಅಂತ ಅಲ್ಲ. ಸುತ್ತ ನೂರಾರು ಎಕರೆ ಮರ ಬೇರೆ ಇದೆ.

ಜಯನಗರದವ
ಸರಿ, ಮರ ಇದ್ದರೆ ಗಾಜು ನಡೆಯುತ್ತೆ ಅಂತಾಯ್ತಲ್ಲ 🙂

ಕಲ್ಲುಕಂಬ
ನಾನು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಾಲೇಜಿನ ಬಗ್ಗೆ ಬರೆಯಲೇಬೇಕು. ಬಿ.ವಿ. ದೋಶಿ ವಿನ್ಯಾಸ ಮಾಡಿದ್ದು. 2018ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರೇ. ನಾನು ಅಲ್ಲಿಗೆ ಹೋಗಿದ್ದು ಕೆಲಸದ ತರಬೇತಿಗೆ. ಕ್ಲಾಸಿನಲ್ಲಿ ಏನು ಹೇಳಿದರು ಅನ್ನೋದು ಮರೆತಿದೆ. ಓಡಾಡುವ ದಾರಿ ಮಾತ್ರ ಮರೆತಿಲ್ಲ.

ಅಲ್ಲಿ ಕಾರಿಡಾರ್ ಅಂದರೆ ಬರೀ ದಾರಿ ಅಲ್ಲ. ಒರಟು ಬೂದು ಕಲ್ಲಿನ ಗೋಡೆ. ಮೇಲೆ ಒಂದು ಕಡೆ ಛಾವಣಿ, ಇನ್ನೊಂದು ಕಡೆ ಬರೀ ತೊಲೆಗಳು, ಅವುಗಳ ಮೇಲೆ ಬಳ್ಳಿ. ಬಿಸಿಲು ಪಟ್ಟಿ ಪಟ್ಟಿಯಾಗಿ ನೆಲಕ್ಕೆ ಬೀಳುತ್ತೆ. ಬೆಳಗ್ಗೆ ಕಂಡ ಜಾಗ ಸಂಜೆಗೆ ಬೇರೆಯದೇ ಅನಿಸುತ್ತೆ. ಅಲ್ಲಲ್ಲಿ ಕಟ್ಟೆ, ಅಲ್ಲಲ್ಲಿ ಅಂಗಳ. ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗುವಾಗ ನಾಲ್ಕು ಜನ ಸಿಗ್ತಾರೆ, ನಿಂತು ಮಾತಾಡ್ತಾರೆ. ದೋಶಿ ಫತೇಪುರ್ ಸಿಕ್ರಿಯ ಅಂಗಳಗಳಿಂದ ಕಲಿತು ಇದನ್ನು ಮಾಡಿದರು. ಬೆಂಗಳೂರಿನ ಹವಾಮಾನಕ್ಕೆ ಒಳಗೂ ಅಲ್ಲದ, ಹೊರಗೂ ಅಲ್ಲದ ಜಾಗ ಸರಿ ಅಂತ ಅವರಿಗೆ ಗೊತ್ತಿತ್ತು.

ಮೇಷ್ಟ್ರೇ, ನಿಮ್ಮ ಪ್ಲಾನ್‌ನಲ್ಲಿ ಹಾಲ್ ಎಷ್ಟು ದೊಡ್ಡದು ಅಂತ ಎಲ್ಲರೂ ಕೇಳ್ತಾರೆ. ಹಾಲ್‌ನ ಹೊರಗೆ ನಿಲ್ಲೋಕೆ ನೆರಳು ಎಷ್ಟಿದೆ ಅಂತ ನೀವು ಕೇಳಿ.

ಸಿಮೆಂಟ್_ಮೂಟೆ
ನೂರು ಎಕರೆ ಕ್ಯಾಂಪಸ್ ಮಾತು ಸಣ್ಣ ಸೈಟಿಗೆ ಹೊಂದುತ್ತಾ ಸರ್?

ಕಲ್ಲುಕಂಬ
ಎಂಟು ಅಡಿ ಅಗಲದ ಜಗಲಿಗೆ ನೂರು ಎಕರೆ ಬೇಡ ಸರ್.

ಮನೆಯಾಕೆ_ಅಲ್ಲ
ಎಲ್ಲಾ ಓದಿದೆ. ತೊಟ್ಟಿ, ಜಗಲಿ, ಕಟ್ಟೆ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಜಗಲಿ ಮೇಲೆ ಕೂತವರು ಯಾರು?

ನಾನು ಬೆಳೆದದ್ದು ಅಂಥದ್ದೇ ಮನೆಯಲ್ಲಿ. ಗಂಡಸರು ಜಗಲಿಯಲ್ಲಿ ಎಲೆ ಅಡಿಕೆ ಹಾಕ್ಕೊಂಡು ತಂಪಾಗಿ ಕೂತಿರ್ತಿದ್ದರು. ನನ್ನಮ್ಮ ಇದ್ದದ್ದು ಹಿಂದಿನ ಅಡುಗೆಮನೆಯಲ್ಲಿ. ಒಂದೇ ಕಿಟಕಿ, ಹೊಗೆ, ಕತ್ತಲು. ಮನೆ ಕಟ್ಟಿದವರಿಗೆ ಗಾಳಿ ಬೆಳಕಿನ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಯಾರಿಗೆ ಕೊಡಬೇಕು ಅನ್ನೋದನ್ನೂ ಅವರೇ ನಿರ್ಧಾರ ಮಾಡಿದ್ದರು. ಊರ ಅರಳಿಕಟ್ಟೆ ಮೇಲೆ ನಾನು ಇವತ್ತಿಗೂ ಕೂತಿಲ್ಲ. ಕೂರಬಾರದು ಅಂತ ಬೋರ್ಡ್ ಹಾಕಿಲ್ಲ, ಆದರೂ ಕೂತಿಲ್ಲ. ಕೆಲವು ಜಾತಿಯವರಿಗೆ ಜಗಲಿ ಹತ್ತುವ ಅವಕಾಶವೇ ಇರಲಿಲ್ಲ. ಅಂಗಳದಲ್ಲೇ ನಿಂತು ಮಾತಾಡಿ ಹೋಗ್ತಿದ್ದರು. ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಾಗಾಗಿ "ಹಿರಿಯರು ಸುಮ್ನೆ ಕಟ್ಟಿಲ್ಲ" ಅನ್ನೋ ಮಾತು ನನಗೆ ಪೂರ್ತಿ ಒಪ್ಪಿಗೆ ಆಗಲ್ಲ. ಸಾರ್ವಜನಿಕ ಜಾಗ ಅಂದರೆ ಯಾರೂ "ಇಲ್ಲಿ ಯಾಕೆ ಕೂತಿದ್ದೀ" ಅಂತ ಕೇಳದ ಜಾಗ. ತಂಪು, ಬೆಳಕು ಎಲ್ಲಾ ಆಮೇಲೆ.

ಅಡಿಕೆಚಪ್ಪರ
ಮೇಡಂ, ನಾನು ಹೇಳಿದ್ದು ಗಾಳಿ ಬೆಳಕಿನ ತಂತ್ರದ ಬಗ್ಗೆ. ಜಾತಿ, ಗಂಡು ಹೆಣ್ಣು ಎಲ್ಲಾ ಇಲ್ಲಿಗೆ ಯಾಕೆ?

ಮನೆಯಾಕೆ_ಅಲ್ಲ
ಮೇಷ್ಟ್ರು ಕೇಳಿದ್ದು ಮನೆ ಬಗ್ಗೆ ಅಲ್ಲ, ಊರಿಗೆಲ್ಲಾ ಸೇರಿದ ಕಟ್ಟಡದ ಬಗ್ಗೆ. ಅದಕ್ಕೆ.

ಉತ್ತರದ_ಚಳಿ
ಅಕ್ಕ ಹೇಳಿದ್ದಕ್ಕೆ ಒಂದು ಉದಾಹರಣೆ ನಾನಿರುವ ಊರಲ್ಲೇ ಇದೆ. ಕೆಲಸಕ್ಕೆ ಅಂತ ಬಂದು ಹೆಲ್ಸಿಂಕಿಯಲ್ಲಿದ್ದೇನೆ. ಇಲ್ಲಿನ ಕೇಂದ್ರ ಗ್ರಂಥಾಲಯದ ಹೆಸರು ಓಡಿ. 2018ರ ಡಿಸೆಂಬರ್‌ನಲ್ಲಿ ತೆರೆದರು. ಪಾರ್ಲಿಮೆಂಟ್ ಎದುರಿಗೇ ಇದೆ. ಅಷ್ಟು ಬೆಲೆಬಾಳುವ ಜಾಗವನ್ನು ಲೈಬ್ರರಿಗೆ ಕೊಟ್ಟಿದ್ದಾರೆ.

ಮೂರು ಮಹಡಿ. ಪುಸ್ತಕ ಇರೋದು ಮೇಲಿನ ಮಹಡಿಯಲ್ಲಿ. ನೆಲಮಹಡಿ ಊರಿನ ಪಡಸಾಲೆ ತರ, ಯಾರು ಬೇಕಾದರೂ ಬಂದು ನಿಲ್ಲಬಹುದು. ಮಧ್ಯದ ಮಹಡಿಯಲ್ಲಿ ಹೊಲಿಗೆ ಮಿಷನ್, ತ್ರೀಡಿ ಪ್ರಿಂಟರ್, ಹಾಡು ರೆಕಾರ್ಡ್ ಮಾಡೋ ಕೋಣೆ ಎಲ್ಲಾ ಇವೆ. ನನ್ನ ಹೆಂಡತಿ ಇಲ್ಲಿಗೆ ಬಂದ ಹೊಸದರಲ್ಲಿ ಭಾಷೆ ಬರ್ತಿರಲಿಲ್ಲ, ಪರಿಚಯದವರಿರಲಿಲ್ಲ. ಹೊರಗೆ ಹಿಮ. ಅಲ್ಲಿಗೆ ಹೋಗಿ ರವಿಕೆ ಹೊಲಿದುಕೊಂಡು ಬರ್ತಿದ್ದಳು. ಪಕ್ಕದ ಮಿಷನ್‌ನಲ್ಲಿ ಕೂತ ಅಜ್ಜಿಯ ಜೊತೆ ಸ್ನೇಹ ಆಯ್ತು. ಏನೂ ಕೊಳ್ಳದೆ ಇಡೀ ದಿನ ಕೂರಬಹುದು, ಒಬ್ಬರೂ ಎಬ್ಬಿಸಲ್ಲ.

ಮೇಷ್ಟ್ರೇ, ಪ್ಲಾನ್‌ನಲ್ಲಿ ಹೊಲಿಗೆ ಮಿಷನ್‌ಗೆ ಒಂದು ಕೋಣೆ ಇಡಿ. ಮಹಿಳೆಯರು ಲೈಬ್ರರಿಗೆ ತಾವಾಗಿಯೇ ಬರ್ತಾರೆ.

ರಾಯಚೂರು_ಬಿಸಿಲು
ಓಡಿಗೂ ಗಾಜು ಇದೆಯಲ್ಲ?

ಉತ್ತರದ_ಚಳಿ
ಇದೆ. ಇಲ್ಲಿ ಚಳಿಗಾಲದಲ್ಲಿ ಸೂರ್ಯ ಕಾಣೋದೇ ಕೆಲವು ಗಂಟೆ. ಸಿಕ್ಕಷ್ಟು ಬೆಳಕು ಒಳಗೆ ಬರಲಿ ಅಂತ ಗಾಜು. ನಿಮ್ಮಲ್ಲಿ ಬಿಸಿಲನ್ನು ಹೊರಗೆ ಇಡಬೇಕು.

ಕೋಲು_ಹಿಡಿದವ
ನನಗೆ ಕಣ್ಣು ಕಾಣಿಸಲ್ಲ. ಸ್ಕ್ರೀನ್ ರೀಡರ್‌ನಲ್ಲಿ ಈ ಚರ್ಚೆ ಕೇಳ್ತಿದ್ದೇನೆ. ಕಟ್ಟಡ ಹೇಗಿದೆ ಅಂತ ನನಗೆ ಕಾಲು, ಕಿವಿ ಹೇಳ್ತವೆ.

ಮೆಟ್ರೋ ಸ್ಟೇಷನ್‌ಗಳಲ್ಲಿ ನೆಲದ ಮೇಲೆ ಹಳದಿ ಟೈಲ್ಸ್ ನೋಡಿರ್ತೀರಿ. ಉದ್ದುದ್ದ ಗೆರೆ ಇದ್ದರೆ ಮುಂದೆ ಹೋಗು, ಗುಂಡು ಗುಂಡು ಉಬ್ಬು ಇದ್ದರೆ ನಿಲ್ಲು. 1965ರಲ್ಲಿ ಜಪಾನಿನ ಸೈಇಚಿ ಮಿಯಾಕೆ ಅನ್ನುವವರು ಇದನ್ನು ಕಂಡುಹಿಡಿದರು. 1967ರಲ್ಲಿ ಒಕಾಯಾಮಾದಲ್ಲಿ ಅಂಧರ ಶಾಲೆ ಹತ್ತಿರ ಮೊದಲು ಹಾಕಿದರು. ಅದರ ಮೇಲೆ ಕೋಲು ಆಡಿಸಿಕೊಂಡು ನಾನು ಯಾರ ಕೈಯನ್ನೂ ಹಿಡಿಯದೆ ಗೇಟಿನಿಂದ ಲಿಫ್ಟ್‌ವರೆಗೆ ಹೋಗ್ತೇನೆ. ಆ ಖುಷಿ ಹೇಳೋಕೆ ಬರಲ್ಲ.

ಆದರೆ ಟೈಲ್ಸ್ ಯಾಕೆ ಅಂತ ಗೊತ್ತಿಲ್ಲದವರು ಹಾಕಿದರೆ ಅಪಾಯ. ಒಂದು ಊರಿನ ಫುಟ್‌ಪಾತ್‌ನಲ್ಲಿ ಹಳದಿ ಗೆರೆ ನಂಬಿ ಹೋಗಿ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಬಡಿದುಕೊಂಡೆ. ಗೆರೆ ಅಲ್ಲಿವರೆಗೆ ಬಂದು ಅದರ ಆಚೆ ಕಡೆ ಮತ್ತೆ ಮುಂದುವರೆದಿತ್ತು.

ಇನ್ನೊಂದು ವಿಷಯ. ಗ್ರಂಥಾಲಯ ಮೇಲಿನ ಮಹಡಿಯಲ್ಲಿ ಅಂದಿರಿ. ಯಾಕೆ? ಮದುವೆ ಮಾಡೋ ಹಾಲ್ ಕೆಳಗೆ, ದಿನಾ ಬರೋ ಓದುಗರು ಮೇಲೆ?

ಬಯಲುಸೀಮೆ_ಮೇಷ್ಟ್ರು
@ಕೋಲು_ಹಿಡಿದವ ಒಳ್ಳೆಯ ಪ್ರಶ್ನೆ. ಹಾಲ್‌ನಿಂದ ಬಾಡಿಗೆ ಬರುತ್ತೆ ಅಂತ ಅದನ್ನು ಕೆಳಗೆ ಇಟ್ಟಿದ್ದಾರೆ. ಲಿಫ್ಟ್ "ಮುಂದಿನ ಹಂತದಲ್ಲಿ" ಅಂತ ಇದೆ. ಪತ್ರಿಕೆ ಓದೋಕೆ ಬರುವವರಲ್ಲಿ ಅರ್ಧಕ್ಕರ್ಧ ವಯಸ್ಸಾದವರು. ಕೆಳಗೆ ತರಬೇಕು ಅಂತ ಬರೆದುಕೊಂಡೆ.

ಸಿಮೆಂಟ್_ಮೂಟೆ
2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ ಮೇಷ್ಟ್ರೇ. ಸಾರ್ವಜನಿಕ ಕಟ್ಟಡಕ್ಕೆ ಎಲ್ಲರೂ ಹೋಗೋ ಹಾಗಿರಬೇಕು. "ಮುಂದಿನ ಹಂತ" ಅಂತ ತಳ್ಳೋಕೆ ಬಿಡಬೇಡಿ. ರ‍್ಯಾಂಪ್ ಹಾಕಿದರೆ ಒಂದಕ್ಕೆ ಹನ್ನೆರಡರ ಲೆಕ್ಕ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ. ಎಷ್ಟೋ ಕಡೆ ನಾಲ್ಕು ಅಡಿಯಲ್ಲಿ ಮುಗಿಸಿರ್ತಾರೆ, ಗಾಲಿಕುರ್ಚಿ ಹಿಂದಕ್ಕೇ ಉರುಳುತ್ತೆ.

ಧಾರವಾಡದಾಂವ
ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ಬಗ್ಗೆ ಯಾರೂ ಹೇಳಲಿಲ್ಲ. ಸುಮಾರು 22 ಕಿಲೋಮೀಟರ್ ದಾರಿ. ಬಸ್ಸಿನ ನೆಲ ಮತ್ತು ಸ್ಟೇಷನ್ನಿನ ನೆಲ ಒಂದೇ ಮಟ್ಟ. ಮೆಟ್ಟಿಲು ಹತ್ತೋದೇ ಬೇಡ. ಮಂಡಿನೋವಿನ ನಮ್ಮ ಅವ್ವ ಈಗ ತಾನೇ ಬಸ್ ಹತ್ತಿ ಅಕ್ಕನ ಮನೆಗೆ ಹೋಗಿ ಬರ್ತಾಳೆ. ಮೊದಲು ಯಾರಾದರೂ ಕೈ ಹಿಡಿದು ಎಳೆದುಕೊಳ್ಳಬೇಕಿತ್ತು. ವಿನ್ಯಾಸ ಅಂದರೆ ಇದು ನೋಡ್ರಿ.

ಹೂವಿನ_ತೇರು
ಆದರೆ ಸ್ಟಾಪ್ ರಸ್ತೆ ಮಧ್ಯೆ ಇದ್ದರೆ ಅಲ್ಲಿಗೆ ದಾಟಿ ಹೋಗಬೇಕಲ್ಲ? ಮಂಡಿನೋವಿನವರಿಗೆ ಅದೇ ದೊಡ್ಡ ಕಷ್ಟ.

ಧಾರವಾಡದಾಂವ
ಸಿಗ್ನಲ್ ಇದ್ದಲ್ಲಿ ದಾಟಬೇಕು. ಕಷ್ಟ ಇಲ್ಲ ಅನ್ನಲ್ಲ. ಆದರೂ ಹಳೇ ಬಸ್ಸಿನ ಮೂರು ಎತ್ತರದ ಮೆಟ್ಟಿಲಿಗಿಂತ ಚಲೋ.

ಜಯನಗರದವ
ಹುಬ್ಬಳ್ಳಿ ಅಂದಮೇಲೆ ಪ್ರಪಂಚದಲ್ಲೇ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಮರೆಯಬಾರದು. 1,507 ಮೀಟರ್! ಹೆಮ್ಮೆ ಪಡೋ ವಿಷಯ.

ಮನೆಯಾಕೆ_ಅಲ್ಲ
ರೈಲು ನಿಲ್ಲೋಕೆ ಒಳ್ಳೆಯದು. ಒಂದೂವರೆ ಕಿಲೋಮೀಟರ್ ಸೂಟ್‌ಕೇಸ್ ಎಳೆಯುವವರಿಗೆ ಹೆಮ್ಮೆಯಿಂದ ಏನು ಸಿಗುತ್ತೆ? ಉದ್ದ, ಎತ್ತರ, ದೊಡ್ಡದು ಅನ್ನೋದೇ ನಮ್ಮಲ್ಲಿ ಹೊಗಳಿಕೆ. ನೀರಿನ ನಲ್ಲಿ ಎಷ್ಟು ದೂರಕ್ಕೊಂದು, ಬೆಂಚು ಎಷ್ಟು ದೂರಕ್ಕೊಂದು ಅಂತ ಕೇಳೋಣ.

ಧಾರವಾಡದಾಂವ
ಎರಡು ರೈಲು ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲೋದು ಸಣ್ಣ ಅನುಕೂಲ ಅಲ್ಲ ಅಕ್ಕ. ಇರಲಿ, ಬೆಂಚಿನ ಮಾತು ಒಪ್ಪಿದೆ.

ಕಡಲತಡಿ
ಯಾರೂ ಶಬ್ದದ ಬಗ್ಗೆ ಹೇಳ್ತಾ ಇಲ್ಲ ಮಾರಾಯ್ರೆ. ಸಮುದಾಯ ಭವನ ಅಂದರೆ ನಾಟಕ, ಯಕ್ಷಗಾನ, ಭಾಷಣ ಆಗಬೇಕಲ್ಲ? ಈಗಿನ ಹಾಲ್‌ಗಳಲ್ಲಿ ಮೈಕ್ ಹಾಕಿದರೆ ಮಾತು ಗೋಡೆಗೆ ಬಡಿದು ವಾಪಸ್ ಬರ್ತದೆ. ನೆಲಕ್ಕೆ ನುಣುಪು ಟೈಲ್ಸ್, ಗೋಡೆ ಬೋಳು, ಮುಂದೆ ಗಾಜು. ಎಲ್ಲ ಗಟ್ಟಿ, ಎಲ್ಲ ನಯ. ಅರ್ಥ ಆಗೋದು ಹೇಗೆ?

ಹೆಗ್ಗೋಡಿನ ನೀನಾಸಂನಲ್ಲಿ ಶಿವರಾಮ ಕಾರಂತ ರಂಗಮಂದಿರ ಇದೆ. 1972ರದ್ದು. ಸುತ್ತ ಅಡಿಕೆ ತೋಟ ಇರುವ ಹಳ್ಳಿಯಲ್ಲಿ ಅಂಥದ್ದೊಂದು ಕಟ್ಟಿದರು. ದೊಡ್ಡ ಆಡಂಬರ ಇಲ್ಲ. ಆದರೆ ಅಲ್ಲಿ ನಾಟಕ ನೋಡುವಾಗ ನಟ ಉಸಿರು ಎಳೆದದ್ದೂ ಕೇಳ್ತದೆ. ಬೆಂಗಳೂರಿನ ರಂಗಶಂಕರವೂ ಹಾಗೆ. 2004ರಲ್ಲಿ ಶುರುವಾದದ್ದು, ಮುನ್ನೂರು ಚಿಲ್ಲರೆ ಸೀಟು ಅಷ್ಟೇ. ಹಿಂದಿನ ಸಾಲಿನಲ್ಲಿ ಕೂತರೂ ವೇದಿಕೆ ಹತ್ತಿರವೇ ಅನಿಸ್ತದೆ. ಸಾವಿರ ಜನರ ಹಾಲ್ ಕಟ್ಟಿ ವರ್ಷಕ್ಕೊಮ್ಮೆ ತುಂಬಿಸೋದಕ್ಕಿಂತ ಮುನ್ನೂರರದ್ದು ಕಟ್ಟಿ ವಾರವಾರ ತುಂಬಿಸಿ.

ವಿಜಯಪುರ_ಜ್ವಾಳ
ಪ್ರತಿಧ್ವನಿ ಬೇಡ ಅಂದರೆ ನಮ್ಮ ಗೋಳಗುಮ್ಮಟಕ್ಕೆ ಬೇಜಾರಾಗುತ್ತೆ! ಹೊರಗಿನ ವ್ಯಾಸ ಸುಮಾರು 44 ಮೀಟರ್. ಅಷ್ಟು ದೊಡ್ಡ ಗುಮ್ಮಟಕ್ಕೆ ನಡುವೆ ಒಂದೇ ಒಂದು ಕಂಬ ಇಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನು ಸೇರಿ ಅದನ್ನು ಹೊತ್ತಿವೆ. ಮೇಲಿನ ಸುತ್ತುಗಟ್ಟೆಯಲ್ಲಿ ಈ ಕಡೆ ಪಿಸುಗುಟ್ಟಿದರೆ ಆ ಕಡೆ ಕಿವಿಯಲ್ಲಿ ಹೇಳಿದ ಹಾಗೆ ಕೇಳುತ್ತೆ. ಆದರೆ ಬೆಳಗ್ಗೆ ಬೇಗ ಹೋಗಿ. ಶಾಲಾ ಪ್ರವಾಸದ ಮಕ್ಕಳು ಬಂದಮೇಲೆ ಬರೀ ಕೂಗಾಟ.

ಕೋಲು_ಹಿಡಿದವ
ಅಲ್ಲಿಗೆ ನಾನೂ ಹೋಗಿದ್ದೇನೆ. ಮೆಟ್ಟಿಲು ಕಡಿದು, ಕಿರಿದು. ಆದರೂ ಹತ್ತಿದ್ದು ಸಾರ್ಥಕ. ಗುಮ್ಮಟ ಎಷ್ಟು ದೊಡ್ಡದು ಅಂತ ಒಂದು ಚಪ್ಪಾಳೆ ತಟ್ಟಿದ್ದಕ್ಕೇ ತಿಳಿಯಿತು.

ಹೂವಿನ_ತೇರು
ಬೆಂಗಳೂರು ವಿಮಾನ ನಿಲ್ದಾಣದ ಟರ್ಮಿನಲ್ 2 ಬಗ್ಗೆ ಏನಂತೀರಿ? ಬಿದಿರಿನ ಚಾವಣಿ, ತೂಗುವ ಗಿಡ, ಒಳಗೇ ತೋಟ. ನನಗೆ ಬಹಳ ಇಷ್ಟ ಆಯ್ತು. ವಿಮಾನ ತಡವಾದರೂ ಕಿರಿಕಿರಿ ಆಗಲಿಲ್ಲ.

ರಾಯಚೂರು_ಬಿಸಿಲು
ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಟಿಕೆಟ್ ಇದ್ದವರಿಗೆ ಮಾತ್ರ. ತಾಲ್ಲೂಕು ಬಸ್‌ಸ್ಟ್ಯಾಂಡಿಗೂ ಅಷ್ಟೇ ತಲೆ ಓಡಿಸಿ ಬಿದಿರಿನ ಚಾವಣಿ ಹಾಕಲಿ. ದಿನಾ ಕಾಯುವವರು ಅಲ್ಲಿದ್ದಾರೆ.

ಮನೆಯಾಕೆ_ಅಲ್ಲ
ಮೇಷ್ಟ್ರೇ, ಟಾಯ್ಲೆಟ್ ಬಗ್ಗೆ ಬರೆಯದಿದ್ದರೆ ಈ ಚರ್ಚೆ ಪೂರ್ತಿ ಆಗಲ್ಲ. ಎಲ್ಲಾ ಭವನಗಳಲ್ಲೂ ಅದು ಹಿಂದುಗಡೆ, ಕತ್ತಲಲ್ಲಿ, ಜನರೇಟರ್ ಪಕ್ಕ. ಸಂಜೆ ಮೇಲೆ ಹೆಣ್ಣುಮಕ್ಕಳು ಹೋಗೋದೇ ಇಲ್ಲ. ನೀರು ಕುಡಿಯದೆ ಕೂತಿರ್ತಾರೆ. ಗಂಡಸರಿಗೆ ಎಷ್ಟಿದೆಯೋ ಹೆಂಗಸರಿಗೆ ಅದಕ್ಕಿಂತ ಜಾಸ್ತಿ ಇರಬೇಕು, ಯಾಕಂದರೆ ನಮಗೆ ಸಮಯ ಹಿಡಿಯುತ್ತೆ. ಬಾಗಿಲಿಗೆ ಒಳಗಿನಿಂದ ಗಟ್ಟಿ ಚಿಲಕ. ಗೋಡೆಗೆ ಒಂದು ಕೊಕ್ಕೆ. ಬ್ಯಾಗು ಹಲ್ಲಲ್ಲಿ ಕಚ್ಚಿಕೊಂಡು ಸೀರೆ ಎತ್ತಿ ಹಿಡಿಯೋ ಕಷ್ಟ ಯಾವ ಇಂಜಿನಿಯರಿಗೂ ಗೊತ್ತಿಲ್ಲ. ನ್ಯಾಪ್ಕಿನ್ ಹಾಕೋಕೆ ಮುಚ್ಚಳದ ಡಬ್ಬಿ ಇಡಿ. ಇಷ್ಟು ಮಾಡಿದರೆ ಕಟ್ಟಡದ ಬಣ್ಣ ಯಾವುದಾದರೂ ಇರಲಿ.

ಸಿಮೆಂಟ್_ಮೂಟೆ
ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಕೊಕ್ಕೆ ಐವತ್ತು ರೂಪಾಯಿ ಆಗಲ್ಲ. ಎಸ್ಟಿಮೇಟ್‌ನಲ್ಲಿ ಸಾಲು ಇಲ್ಲ ಅಂದರೆ ಯಾರೂ ಹಾಕಲ್ಲ. ಹಾಗಾಗಿ ಸಾಲು ಬರೆಸಿ.

ಬಯಲುಸೀಮೆ_ಮೇಷ್ಟ್ರು
ಎಲ್ಲರಿಗೂ ಬಹಳ ಥ್ಯಾಂಕ್ಸ್. ಎರಡು ಪುಟ ಟಿಪ್ಪಣಿ ಆಗಿದೆ. @ಸಿಮೆಂಟ್_ಮೂಟೆ ಸರ್, ಗೋಡೆಗೆ ಮಣ್ಣಿನ ಬ್ಲಾಕ್ ಬಳಸಬಹುದಾ? "ಸರ್ಕಾರಿ ಕೆಲಸಕ್ಕೆ ಆಗಲ್ಲ" ಅಂತ ಒಬ್ಬರು ಅಂದರು.

ಸಿಮೆಂಟ್_ಮೂಟೆ
ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕ್ ಹೊಸ ಪ್ರಯೋಗವೇನಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಬೆಂಗಳೂರಲ್ಲಿ ಅಂಥ ಮನೆಗಳು ಬೇಕಾದಷ್ಟಿವೆ. ಆದರೆ ಸರ್ಕಾರಿ ಕೆಲಸದ ದರಪಟ್ಟಿಯಲ್ಲಿ (ಎಸ್‌ಆರ್) ಐಟಂ ಇಲ್ಲದಿದ್ದರೆ ಬಿಲ್ ಬರೆಯೋಕೆ ಇಂಜಿನಿಯರ್ ಹೆದರ್ತಾರೆ. ಮೊದಲು ಪಟ್ಟಿ ನೋಡಿ. ಅದಾಗದಿದ್ದರೆ ಗೋಡೆಗೆ ಸಾಮಾನ್ಯ ಇಟ್ಟಿಗೆ, ಪಶ್ಚಿಮಕ್ಕೆ ಜಾಲಿ (ಗಾಳಿಯಾಡೋ ತೂತುಗಳ ಗೋಡೆ), ನೆಲಕ್ಕೆ ಶಹಾಬಾದ್ ಕಲ್ಲು. ಕಾಲು ಜಾರಲ್ಲ, ತಂಪು, ರಿಪೇರಿಯೂ ಸುಲಭ. ಛಾವಣಿ ಮೇಲೆ ಬಿಳಿ ಸುಣ್ಣ ಹೊಡೆಸಿ, ಬಿಸಿಲು ವಾಪಸ್ ಹೋಗುತ್ತೆ.

ಕಡಲತಡಿ
ಹಾಲ್‌ನ ಒಳಗೆ ಹಿಂದಿನ ಗೋಡೆಗೆ ತೂತಿನ ಮರದ ಹಲಗೆ ಇಲ್ಲವೇ ತೆಂಗಿನ ನಾರಿನ ಬೋರ್ಡ್ ಹೊಡೆಸಿ ಮೇಷ್ಟ್ರೇ. ದಪ್ಪ ಪರದೆ ಆದರೂ ಆಗ್ತದೆ. ಅರ್ಧ ಪ್ರತಿಧ್ವನಿ ಅಲ್ಲೇ ನಿಲ್ತದೆ.

ಕಲ್ಲುಕಂಬ
ಸೈಟಿನಲ್ಲಿ ಈಗ ಮರ ಏನಾದರೂ ಇದೆಯಾ?

ಬಯಲುಸೀಮೆ_ಮೇಷ್ಟ್ರು
ಮುಂದೆ ದೊಡ್ಡ ಬೇವಿನ ಮರ ಇದೆ. ಪತ್ರಿಕೆ ಓದಿ ಮುಗಿಸಿದವರು ಅದರ ಕೆಳಗೇ ನಿಂತು ರಾಜಕೀಯ ಮಾತಾಡೋದು. ಪೋರ್ಟಿಕೊ ಸರಿಯಾಗಿ ಅಲ್ಲಿಗೇ ಬರುತ್ತೆ, ಹಾಗಾಗಿ ಪ್ಲಾನ್‌ನಲ್ಲಿ ಮರ ಇಲ್ಲ.

ಕಲ್ಲುಕಂಬ
ಸಭೆಯಲ್ಲಿ ಮೊದಲು ಇದನ್ನೇ ಎತ್ತಿ. ಗಾಜು ನಾಳೆ ಬೇಕಾದರೂ ತೆಗೆಯಬಹುದು. ಮರ ಹೋದರೆ ಮೂವತ್ತು ವರ್ಷ ಕಾಯಬೇಕು. 1976ರ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ, ಕಡಿಯುವ ಮುಂಚೆ ವೃಕ್ಷ ಅಧಿಕಾರಿಯನ್ನು ಕೇಳಲಿ.

ಮನೆಯಾಕೆ_ಅಲ್ಲ
ಮರ ಉಳಿಸಿ, ಸುತ್ತ ಕಟ್ಟೆ ಕಟ್ಟಿಸಿ. ಕಟ್ಟೆ ಗೇಟಿನ ಒಳಗೇ ಇರಲಿ, ಗ್ರಂಥಾಲಯದ ಬಾಗಿಲಿಗೆ ಕಾಣೋ ಹಾಗೆ. ಮೇಲೊಂದು ದೀಪ ಹಾಕಿಸಿ. ನಾವೂ ಬಂದು ಕೂರ್ತೀವಿ.

ಸಿಮೆಂಟ್_ಮೂಟೆ
ಪೋರ್ಟಿಕೊ ಹತ್ತು ಅಡಿ ಪಕ್ಕಕ್ಕೆ ಸರಿಸಿದರೆ ಮರ ಉಳಿಯಬಹುದು. ಬೇರು ಎಲ್ಲಿದೆ ಅಂತ ನೋಡಿ ಪಾಯ ಹಾಕಬೇಕು. ಪ್ಲಾನ್‌ನ ಒಂದು ಪ್ರತಿ ನನಗೆ ಮೆಸೇಜ್ ಮಾಡಿ ಮೇಷ್ಟ್ರೇ, ಅಳತೆ ಸಮೇತ ಇರಲಿ. ಭಾನುವಾರ ಕೂತು ಗುರುತು ಹಾಕಿ ಕಳಿಸ್ತೇನೆ.